ಅಕ್ಕನ್ನ ಒಂದ್ಮಾತು ಕೇಳಿ ಹೇಳ್ತೀನಿ

ನಮ್ಮ ಕಚೇರಿಯ ಕಡತದ ಕೋಣೆಯ ಗುಮಾಸ್ತರಿಗೆ ನಲವತ್ತೆಂಟು ತುಂಬಿದೆ, ಮೀಸೆ ಅರ್ಧ ನರೆತಿದೆ, ಆದರೂ ನಮ್ಮೆಲ್ಲರ ಬಾಯಲ್ಲಿ ಅವರು 'ಅಕ್ಕನ ತಮ್ಮ'. ಯಾರು ಏನೇ ಕೇಳಲಿ, "ಅಕ್ಕನ್ನ ಒಂದ್ಮಾತು ಕೇಳಿ ಹೇಳ್ತೀನಿ" ಎಂದು ಫೋನು ಹಿಡಿದು ಮೆಟ್ಟಿಲ ಕಡೆ ನಡೆದುಬಿಡುತ್ತಾರೆ. ಅಂಗಿಗೆ ಒಂದು ಜೇಬು ಸಾಕೋ ಎರಡು ಬೇಕೋ ಎಂದು ದರ್ಜಿ ಕೇಳಿದರೂ ಅಕ್ಕನೇ ಹೇಳಬೇಕು. ಕ್ಷೌರದಂಗಡಿಯವನಂತೂ ಕತ್ತರಿ ಎತ್ತುವ ಮೊದಲೇ "ಅಕ್ಕಾವ್ರು ಎಷ್ಟು ಗಿಡ್ಡ ಅಂದ್ರು ಸಾರ್?" ಎನ್ನುತ್ತಾನೆ. ಹಲ್ಲು ಕೀಳಿಸಲು ಹೋದಾಗ ತೆರೆದ ಬಾಯಿಯಲ್ಲೇ ಅಕ್ಕನಿಗೆ ಫೋನು ಮಾಡಿದರೆಂಬ ಸುದ್ದಿಯಿದೆ, ನಾನು ನಂಬುತ್ತೇನೆ. ಹೋದ ತಿಂಗಳು ಸಾಹೇಬರು ಕರೆದು, ಬಡ್ತಿ ಕೊಡ್ತೀವಿ, ಬೇರೆ ಊರಿಗೆ ಹೋಗ್ತೀರಾ ಎಂದಾಗಲೂ ಮೆಟ್ಟಿಲಿಗೆ ಹೋಗಿ ಬಂದು, "ಅಕ್ಕ ಬೇಡ ಅಂದ್ಲು ಸಾರ್" ಎಂದರು. ಸಾಹೇಬರು ಹಣೆ ಚಚ್ಚಿಕೊಂಡರು. ನನಗೆ ಮಾತ್ರ ಆ ಅಕ್ಕನ ಮೇಲೆಯೇ ಸಿಟ್ಟು. ಮೊನ್ನೆ ಆಕೆ ಔಷಧಿ ಅಂಗಡಿಯಲ್ಲಿ ಸಿಕ್ಕಾಗ, "ತಮ್ಮನ ಬಡ್ತಿ ಯಾಕಮ್ಮ ತಪ್ಪಿಸಿದ್ರಿ?" ಎಂದು ಕೇಳಿಯೇಬಿಟ್ಟೆ. ಆಕೆ ಪಿಳಿಪಿಳಿ ನೋಡಿದರು. "ಯಾವ ಬಡ್ತಿ? ಅವನು ನನ್ನನ್ನ ಏನಾದ್ರೂ ಕೇಳಿ ಮೂರು ವರ್ಷ ಆಯ್ತಲ್ಲಪ್ಪ. ನನ್ನ ಮೇಲೆ ಕೋಪಾನಾ?" ನಿನ್ನೆ ಸಾಹೇಬರು ಮತ್ತೊಮ್ಮೆ ಬಡ್ತಿಯ ಮಾತೆತ್ತಿದರು, ಇವರು ಮತ್ತೆ ಮೆಟ್ಟಿಲಿಗೆ ಹೊರಟರು, ನಾನು ಹಿಂದೆಯೇ ಹೋದೆ. ಫೋನು ಜೇಬು ಸೇರಿತ್ತು. ಅವರೊಬ್ಬರೇ ಕಂಬಿ ಹಿಡಿದು, ಕಣ್ಣು ಮುಚ್ಚಿ, ಯೋಚಿಸುತ್ತಾ ನಿಂತಿದ್ದರು. ನನ್ನನ್ನು ಕಂಡು ಗಲಿಬಿಲಿಗೊಂಡರು. "ಅಕ್ಕ ಏನಂದ್ರು?" ಎಂದು ನಾನೇ ಕೇಳಿದೆ. "ಈಗ್ಲೂ ಬೇಡ ಅಂದ್ಲು" ಎಂದರು, ಈ ಸಲ ನನ್ನ ಕಣ್ಣನ್ನೇ ನೋಡುತ್ತಾ.