ಮಗುಚಿ ನೋಡದ ಕೆಂಪು ತಿಗಣೆ

ಜಯಶೀಲಾ ನಿವೃತ್ತರಾದ ಮೇಲೂ ವಿದ್ಯಾನಗರದ ಅವರ ಮನೆಗೆ ಹುಳುಗಳು ಬರುವುದು ನಿಲ್ಲಲಿಲ್ಲ. ಡಬ್ಬಿಯಲ್ಲೋ ಬೆಂಕಿಪೊಟ್ಟಣದಲ್ಲೋ ಯಾರಾದರೂ ತಂದು, ಇದೇನು ಎಂದು ಕೇಳುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಗ ಅವರು ಹೇಳಿ ಹೇಳಿ ಮಕ್ಕಳಿಗೆ ಬೇಸರ ಬರಿಸಿದ್ದ ಮಾತೊಂದಿತ್ತು: ಗುರಾಣಿಯಂಥ ಬೆನ್ನಿನ ತಿಗಣೆ ಸಿಕ್ಕರೆ ಮೊದಲು ಮಗುಚಿ ಕೊಕ್ಕು ನೋಡಿ. ದಪ್ಪಗಿದ್ದರೆ ಬೇರೆ ಹುಳು ತಿನ್ನುವಂಥದ್ದು, ಸೂಜಿಯಂತಿದ್ದರೆ ಗಿಡದ ರಸ ಹೀರುವಂಥದ್ದು.

ಭದ್ರಾವತಿಯ ಕೆಂಚಪ್ಪ ಬಂದ ದಿನ ಮನೆಯಲ್ಲಿ ಮಾವನ ಶ್ರಾದ್ಧ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಕೆಂಚಪ್ಪ, ಪ್ರತಿ ವರ್ಷ ಆಯುಧಪೂಜೆಗೆ ಆಟೋ ಸ್ಟ್ಯಾಂಡಿನವರಿಗೆ ತಮ್ಮ ಬಳ್ಳಿಯ ಬೂದುಗುಂಬಳವನ್ನೇ ಕೊಡುವವರು. ಮಡಿಯಲ್ಲಿದ್ದ ಜಯಶೀಲಾ, ಕೆಂಚಪ್ಪನವರನ್ನು ಗೇಟಿನಾಚೆಯೇ ನಿಲ್ಲಿಸಿ, ಬಳ್ಳಿಯಲ್ಲಿ ಸಿಕ್ಕ ಹುಳುವಿನ ಪೊಟ್ಟಣ ತೆರೆಸಿ, ದೂರದಿಂದಲೇ ಕೆಂಪು ಬೆನ್ನು ನೋಡಿದರು. "ಇದು ಕಂಬಳಿಹುಳ ತಿನ್ನೋದು. ಕೊಲ್ಲಬೇಡಿ" ಎಂದು ಒಳಗೆ ನಡೆದರು.

ನವರಾತ್ರಿ ಹತ್ತಿರವಾದಾಗ ಕೆಂಚಪ್ಪನವರ ಫೋನು ಬಂತು. "ಚೆನ್ನಾಗಿ ಮರಿ ಆಗವೆ ಮೇಡಂ, ಬಂದು ನೋಡಿ."

ಹೋದರು. ಚಪ್ಪರದ ಬಳ್ಳಿ ಬಾಡಿ ಜೋತಿತ್ತು, ಹೀಚುಗಳು ಉದುರಿದ್ದವು. ಕುಡಿಯ ಮೇಲೆ ಪೋಣಿಸಿಟ್ಟಂತೆ ಮೊಟ್ಟೆಗಳ ಸಾಲು. ರೆಕ್ಕೆ ಮೂಡದ ಮರಿಗಳು ಕಾಂಡಕ್ಕೆ ಕೊಕ್ಕು ಚುಚ್ಚಿ ಕೂತಿದ್ದವು.

"ಹುಳ ಕೀಳೋಕೆ ಹೋದ್ರೆ ಮಾವ ಬೈತಾರೆ," ಎಂದಳು ಕೆಂಚಪ್ಪನವರ ಸೊಸೆ ಅಕ್ಷಯಾ. "ನಿಮ್ಮ ಕಡೆ ನೆಂಟ್ರಂತಲ್ಲ ಮೇಡಂ ಇವು? ಊಟ ಜೋರಾಗೇ ನಡೀತೈತೆ."

"ಸುಮ್ನಿರಮ್ಮ! ಓದಿದೋರ ಹತ್ರ ಹಂಗಾ ಮಾತಾಡೋದು?" ಎಂದು ಕೆಂಚಪ್ಪ ಗದರಿದರು.

ಜಯಶೀಲಾ ಒಂದು ತಿಗಣೆಯನ್ನು ಹಿಡಿದು ಮಗುಚಿದರು. ಕೆಟ್ಟ ವಾಸನೆ ಬೆರಳಿಗೆ ಹತ್ತಿತು. ಎದೆಯಡಿ ಮಡಚಿಟ್ಟ ಕೊಕ್ಕು ಸೂಜಿಯಷ್ಟು ತೆಳ್ಳಗಿತ್ತು. ಅವರಿಗೆ ತಲೆಯೆತ್ತಲಾಗಲಿಲ್ಲ. ಆ ಮುಖ ನೋಡಿಯೇ ಕೆಂಚಪ್ಪನವರಿಗೆ ಅರ್ಥವಾಯಿತು.

ಅಷ್ಟರಲ್ಲಿ ಸ್ಟ್ಯಾಂಡಿನ ಲಕ್ಷ್ಮೀಕಾಂತ ಆಟೋ ನಿಲ್ಲಿಸಿ ಕೂಗಿದ. "ಏನ್ ಕೆಂಚಪ್ಪಣ್ಣ, ಈ ಸಲ ಒಂದೂ ಕಾಯಿ ಕಾಣಲ್ಲ?"

"ಬಿಸಿಲು ಕಣಪ್ಪ."

"ಬಿಸಿಲಲ್ಲ," ಎಂದರು ಜಯಶೀಲಾ. "ಮಡಿ ಅಂತ ಮುಟ್ಟದೆ, ನೋಡದೆ, ಬಾಯಿಗೆ ಬಂದಿದ್ದು ಹೇಳಿದೆ. ಬಳ್ಳಿ ತಿಂದಿದ್ದು ಇವೇ."

ಲಕ್ಷ್ಮೀಕಾಂತ ತಡಬಡಿಸಿ, "ಹೋಗ್ಲಿ ಬಿಡಿ, ಸಂತೇಲಿ ತರ್ತೀವಿ" ಎಂದು ಹೊರಟ.

ಕೆಂಚಪ್ಪ ಅವನು ಹೋದ ದಾರಿಯನ್ನೇ ನೋಡುತ್ತ ನಿಂತರು. ಆಮೇಲೆ ಹುಳ ಮುಳುಗಿಸಲು ಸಾಬೂನು ನೀರಿನ ಬಕೆಟ್ ತಂದು ಜಯಶೀಲಾ ಮುಂದಿಟ್ಟು, ಚಪ್ಪರದ ಇನ್ನೊಂದು ತುದಿಗೆ ಹೋಗಿ ಹುಳ ಆರಿಸತೊಡಗಿದರು.