ಮೊಸಳೆಯ ಬಾಯಿ ಕಟ್ಟುವ ಎವೆನ್ಸಿಯೊ

ನಮ್ಮ ಅಪೂರೆ ನದಿಯ ಸೀಮೆಯಲ್ಲಿ ದನದ ಹಿಂಡು ಹೊಳೆ ದಾಟುವ ಮುನ್ನ ಮೊಸಳೆಯ ಬಾಯಿ ಕಟ್ಟಲು ಮಂತ್ರ ಹೇಳಿಸುತ್ತಾರೆ. ಆ ಮಂತ್ರ ಎವೆನ್ಸಿಯೊನ ಮನೆತನದ್ದು. ಪ್ರತಿ ಸಲವೂ ಒಂದು ಕೋಳಿ ಅವನ ಪಾಲಿಗೆ ಬರುತ್ತಿತ್ತು. ಅವನ ಹೊಟ್ಟೆ ಬೆಳೆದದ್ದೇ ಹಾಗೆ. ಹೊಳೆಗೆ ಮಾತ್ರ ಅವನು ಎಂದೂ ಇಳಿದವನಲ್ಲ. ಮಂತ್ರ ದಡದಿಂದಲೇ ಚೆನ್ನಾಗಿ ನಾಟುತ್ತದೆ ಎನ್ನುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಮೊಸಳೆಯೇ ದಡಕ್ಕೆ ಬಂತು. ದನಗಾಹಿಗಳ ಎದುರು ಕೈಯೆತ್ತಿ ಮಂತ್ರ ಶುರುಮಾಡಿದ್ದ ಎವೆನ್ಸಿಯೊ, ನಾವು ತಿರುಗಿ ನೋಡುವಷ್ಟರಲ್ಲಿ ಪೇರಲ ಮರದ ಮೇಲಿದ್ದ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಕಸಿಲ್ದಕ್ಕ, ಬಟ್ಟೆ ಬಡಿಯುವ ಕೊರಡಿನಿಂದಲೇ ಮೊಸಳೆಯ ಮೂತಿಗೆ ಎರಡು ಬಿಟ್ಟಳು. ಅದು ನೀರಿಗೆ ಸರಿದುಹೋಯಿತು.

"ನೋಡಿದ್ಯಾ ಅಕ್ಕಾ, ಅದು ಬಾಯೇ ತೆಗೀಲಿಲ್ಲ. ಕಟ್ಟಿಬಿಟ್ಟಿದ್ದೆ," ಎಂದ ಅವನು, ಕೊಂಬೆ ಬಿಡದೆ.

"ಕಟ್ಟಿದ್ದೆ ಬಿಡಪ್ಪ. ಈಗ ಕೆಳಗಿಳಿ, ನಿನ್ನ ಪ್ಯಾಂಟನ್ನೂ ಒಗೆದುಕೊಡ್ತೀನಿ."

ಈಗ ದನಗಾಹಿಗಳು ಕರೆಯುವುದು ಕಸಿಲ್ದಕ್ಕನನ್ನು. ಅವಳು ಕೊರಡು ಹಿಡಿದು ಮುಂದೆ ನಡೆಯುತ್ತಾಳೆ. ಎವೆನ್ಸಿಯೊ ಅವಳ ಬೆನ್ನ ಮರೆಯಲ್ಲಿ ಮಂತ್ರ ಗೊಣಗುತ್ತಾ ಬರುತ್ತಾನೆ. ಕೋಳಿ ಅವಳ ಮನೆಗೆ ಹೋಗುತ್ತದೆ. ಸಾರು ಬೆಂದ ಮೇಲೆ ಅವಳು ಅವನ ತಟ್ಟೆಗೆ ಕೋಳಿಯ ಕತ್ತು ಹಾಕುತ್ತಾಳೆ.

"ತಿನ್ನಪ್ಪ, ನಿನ್ನ ಕೆಲಸವೆಲ್ಲ ಗಂಟಲದ್ದೇ ತಾನೆ," ಎನ್ನುತ್ತಾಳೆ.