ಶುಕ್ರವಾರದ ಕಾಟಪ್ಪ

ಬಬ್ಬೂರು ಫಾರಮ್ಮಿನ ಮಾಲಿ ಕಾಟಪ್ಪನನ್ನು ಜಿಪುಣನೆನ್ನುವವರು ಅವನನ್ನು ಶನಿವಾರ ಕಂಡವರಲ್ಲ. ಅಂದು ಅವನು ಹಿರಿಯೂರಿನ ಹೋಟೆಲಿನಲ್ಲಿ ಗುರುತಿಲ್ಲದವರಿಗೂ ಕಾಫಿ ಕುಡಿಸುತ್ತಾನೆ, ಚೌಕಾಸಿಯಿಲ್ಲದೆ ಹೆಂಡತಿಗೆ ಸೀರೆ ಕೊಳ್ಳುತ್ತಾನೆ. ಆದರೆ ಶುಕ್ರವಾರ ಮನೆಯಿಂದ ದುಡ್ಡು ಹೊರಬಿದ್ದರೆ ಅದರ ಹಿಂದೆಯೇ ಲಕ್ಷ್ಮಿಯೂ ಹೊರಡುತ್ತಾಳೆಂಬುದು ಅವನ ದೃಢವಾದ ನಂಬಿಕೆ. ಆ ದಿನ ಬೆಂಕಿಪೊಟ್ಟಣ ಮುಗಿದರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಭಿಕ್ಷುಕರು ಕೂಡ ಅವನ ಬಾಗಿಲನ್ನು ಬಿಟ್ಟು ಮುಂದೆ ಹೋಗುತ್ತಾರೆ. ಪೇಟೆಗೆ ನಡೆದೇ ಹೊರಟವನ ಪಕ್ಕದಲ್ಲಿ ಬಸ್ಸು ನಿಲ್ಲಿಸಿ ಕಂಡಕ್ಟರು, "ಹತ್ತಣ್ಣ, ನಿನ್ನ ಲಕ್ಷ್ಮಿಗೂ ಒಂದು ಸೀಟು ಐತೆ, ಟಿಕೀಟಿನ ದುಡ್ಡು ನಾಳೆ ಕೊಡುವಂತೆ" ಎಂದು ಕರೆದರೆ, "ಸಾಲನೂ ಖರ್ಚೇ ಕಣಪ್ಪ, ನೀನು ಹೋಗು" ಎನ್ನುತ್ತಾನೆ. ಮೂರು ವರ್ಷದ ಹಿಂದೆ, ಎಪ್ಪತ್ತೆರಡರ ಒಂದು ಶುಕ್ರವಾರ, ಅವನ ಒಬ್ಬಳೇ ಮಗಳು ವಾಂತಿಭೇದಿಯಿಂದ ಮಲಗಿದ್ದಳು. ಕೈಯಲ್ಲಿ ದುಡ್ಡಿದ್ದೂ, ಡಾಕ್ಟರು ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅವನು ಶನಿವಾರಕ್ಕಾಗಿ ಕಾದ. ಮಗು ಅಷ್ಟು ಹೊತ್ತು ಉಳಿಯಲಿಲ್ಲ. "ಇನ್ನಾದರೂ ಈ ಹುಚ್ಚನ್ನು ಬಿಡಬಾರದೇನಪ್ಪ?" ಎಂದು ನಾನೊಮ್ಮೆ ಗದರಿದೆ. ಅವನು ತಲೆಯೆತ್ತದೆ ಹೇಳಿದ: "ಹೆಂಗೆ ಬಿಡ್ಲಕ್ಕ? ಇವತ್ತು ಖರ್ಚು ಮಾಡಿದ್ರೆ, ಅವತ್ತೂ ಮಾಡಬಹುದಿತ್ತು ಅಂತಾಗ್ತೈತಲ್ಲ."